ಗರಡಿಯಿಂದ ಆಸ್ಪತ್ರೆಗೆ, ನಾಲ್ಕು ತಾಲ್ಲೂಕು ದಾಟಿ

ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಬರುವವರ ಪಟ್ಟಿ ಹೆಚ್ಚುಕಡಿಮೆ ಒಂದೇ. ರಂಗನಾಥನ ದರ್ಶನ, ದರಿಯಾ ದೌಲತ್, ಗುಂಬಜ್, ಗಂಜಾಮಿನ ನಿಮಿಷಾಂಬ, ಸಂಗಮದಲ್ಲಿ ಕಾಲು ನೆನೆಸಿಕೊಂಡು ಒಂದು ಸೆಲ್ಫಿ. ಹೊಸ ಹೆದ್ದಾರಿ ಬಂದ ಮೇಲೆ ಅದೂ ಇಲ್ಲ. ಊರು ಪಕ್ಕದಲ್ಲೇ ಉಳಿದು, ಕಾರು ಸೀದಾ ಮೈಸೂರಿಗೆ ಹೋಗಿಬಿಡುತ್ತದೆ.

ಈ ಸಲ ನಾವು ಹುಡುಕಿಕೊಂಡು ಹೋದದ್ದು ಗರಡಿಮನೆಯನ್ನ.

ನಾವು ಅಂದರೆ ನಾನು ಮತ್ತು ಚಿಕ್ಕಪ್ಪನ ಮಗ. ಅವನು ಎಂಬಿಬಿಎಸ್ ಪರೀಕ್ಷೆಗಳನ್ನೆಲ್ಲ ಮುಗಿಸಿ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದಾನೆ. ಪಿಯುಸಿವರೆಗೆ ಸುತ್ತಮುತ್ತಲ ಊರುಗಳಲ್ಲಿ ಅವನಿಗೆ ಬೇರೆಯದೇ ಹೆಸರಿತ್ತು. ಕಬಡ್ಡಿ ರೈಡರ್. ನಾನೋ ಬೆಂಗಳೂರಿನ ಲ್ಯಾಪ್‌ಟಾಪ್ ಪೈಲ್ವಾನ್. ಹತ್ತು ವರ್ಷದ ಕೆಲಸದಲ್ಲಿ ಕುತ್ತಿಗೆ ನೋವು ಬಿಟ್ಟರೆ ಬೇರೆ ಪದಕ ಬಂದಿಲ್ಲ.

ಅವನಿಗೆ ಎರಡು ದಿನ ರಜೆ ಸಿಕ್ಕಿತ್ತು. ಬೈಕಿನಲ್ಲಿ ಶ್ರೀರಂಗಪಟ್ಟಣದಿಂದ ಹೊರಟು, ಪಾಂಡವಪುರ ತಾಲ್ಲೂಕಿನ ನಮ್ಮೂರು, ಅಲ್ಲಿಂದ ಕೆ.ಆರ್. ಪೇಟೆ, ಮಾರನೇ ದಿನ ನಾಗಮಂಗಲ ಅಂತ ಪ್ಲಾನು. ದಾರಿಯಲ್ಲಿ ಅವನಿಗೆ ಎರಡು ಕೆಲಸ. ಊರಲ್ಲಿ ತಾತನ ಹತ್ತಿರ ಒಂದು ಮಾತಾಡಬೇಕು. ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿಯಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಇದೆ, ಹಳೇ ಟೀಮು ಕರೆದಿದೆ, ಅದಕ್ಕೆ ಹೋಗಬೇಕು. ಎರಡರಲ್ಲಿ ಯಾವುದು ಕಷ್ಟ ಕಣೋ ಅಂದೆ. "ತಾತ" ಅಂದ.

ನಮ್ಮ ತಾತನಿಗೆ ಎಂಬತ್ತು ದಾಟಿದೆ. ಹರೆಯದಲ್ಲಿ ಶ್ರೀರಂಗಪಟ್ಟಣದ ಗರಡಿಯಲ್ಲಿ ಸಾಮು ಮಾಡಿದವನು. ಕುಸ್ತಿ ಬಿಟ್ಟ ಮೇಲೆ ಮೂಳೆ ಕೂರಿಸುವವನಾದ. ಉಳುಕಿದರೆ, ಕೀಲು ತಪ್ಪಿದರೆ, ಮುರಿದರೆ ಸುತ್ತ ಹತ್ತು ಹಳ್ಳಿಯವರು ಬರುವುದು ನಮ್ಮ ಮನೆಯ ಜಗಲಿಗೆ. ಊರಿನವರಿಗೆ ಅವನು ಪೈಲ್ವಾನಪ್ಪ. ಮೊಮ್ಮಗ ಈಗ ನಿಜವಾದ ಡಾಕ್ಟರು. ಅವನು ತಾತನಿಗೆ ಹೇಳಬೇಕಾಗಿದ್ದ ಮಾತು: ಇನ್ನು ಮೇಲೆ ಮುರಿದ ಮೂಳೆಗೆ ಕಟ್ಟು ಹಾಕಬೇಡ.

ಅದಕ್ಕೆ ಮೊದಲು, ತಾತ ಕಲಿತ ಜಾಗ ನೋಡಬೇಕು ಅಂತ ಅವನಿಗೆ ಆಸೆ.

ತಾತ ಹೇಳಿದ ಗುರುತಿನ ಗರಡಿ ಈಗ ಇಲ್ಲ. ಪೇಟೆಯ ಒಳಗಿನ ಇನ್ನೊಂದು ಗರಡಿಗೆ ಒಬ್ಬರು ಕರೆದುಕೊಂಡು ಹೋದರು. ಬಾಗಿಲು ಗಿಡ್ಡ, ತಲೆ ಬಗ್ಗಿಸದೆ ಒಳಗೆ ಹೋಗುವಂತಿಲ್ಲ. ಒಳಗೆ ಎಣ್ಣೆ, ಅರಿಶಿನ ಬೆರೆತ ಮಟ್ಟಿಯ ವಾಸನೆ, ಗೋಡೆಗೆ ಆಂಜನೇಯ, ಮೂಲೆಯಲ್ಲಿ ಗದೆ, ಕಲ್ಲುಗುಂಡು. ಅಲ್ಲಿದ್ದ ಹಿರಿಯರು ನಮ್ಮ ಬೂಟು ಹೊರಗೆ ಬಿಡಿಸಿ, ಬಂದ ಕಾರಣ ಕೇಳಿದರು. ಮೂಳೆ ಕೂರಿಸುವ ವಿದ್ಯೆ ಗರಡಿಗೆ ಹೇಗೆ ಬಂತು ಅಂದದ್ದಕ್ಕೆ ನಕ್ಕರು.

"ಕೀಲು ಎಲ್ಲೈತೆ ಅಂತ ಗೊತ್ತಿಲ್ದೋನು ಅದನ್ನ ತಪ್ಸೋಕೂ ಆಗಲ್ಲ, ಕೂರ್ಸೋಕೂ ಆಗಲ್ಲ ಸಾರ್. ಬೆಳಗ್ಗೆ ಪಟ್ಟು ಹಾಕಿ ತಪ್ಸೋದು, ಸಾಯಂಕಾಲ ಅದೇ ಕೈಲಿ ಕೂರ್ಸೋದು. ಬ್ಯಾರೆ ಇಸ್ಕೂಲು ಯಾಕೆ?"

ಇದು ಬರೀ ಗರಡಿಯ ಜಂಭವಲ್ಲ. ಹಳೇ ಮೈಸೂರಿನಲ್ಲಿ ಜಟ್ಟಿಗಳಿದ್ದರು, ಈಗಲೂ ಇದ್ದಾರೆ. ಅವರ ಮನೆತನದ ವೃತ್ತಿಯೇ ಮಲ್ಲವಿದ್ಯೆ. ವಿಜಯದಶಮಿಯ ದಿನ ಮೈಸೂರು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನ ಟಿವಿಯಲ್ಲಾದರೂ ನೋಡಿರುತ್ತೀರಿ. ತಲೆ ಬೋಳಿಸಿಕೊಂಡ ಇಬ್ಬರು, ಬೆರಳಿಗೆ ಮೊನಚು ಆಯುಧ, ಒಬ್ಬನ ತಲೆಯಿಂದ ರಕ್ತ ಚಿಮ್ಮಿತೋ ಕಾಳಗ ಮುಗಿಯಿತು. ದಸರಾ ಮೊದಲು ಶುರುವಾದದ್ದು ಮೈಸೂರಲ್ಲಲ್ಲ, ಇದೇ ಶ್ರೀರಂಗಪಟ್ಟಣದಲ್ಲಿ, 1610ರಲ್ಲಿ ರಾಜ ಒಡೆಯರ ಕಾಲದಲ್ಲಿ. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಎರಡು ಶತಮಾನದ ಹಿಂದೆಯೇ ಈ ಜಟ್ಟಿಗಳ ಮೈಕಟ್ಟು ಕಂಡು ಬೆರಗಾಗಿ, ಎಮ್ಮೆಕೊಂಬಿನಿಂದ ಮಾಡಿದ ಆ ಆಯುಧವನ್ನು ವಿವರವಾಗಿ ಬಣ್ಣಿಸಿದ್ದಾನೆ.

1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಏಳು ಸಂಪುಟ ಪ್ರಕಟಿಸಿದ. ಅದರಲ್ಲಿ ಜಟ್ಟಿಗಳ ಬಗ್ಗೆ ಮೂರು ಸಂಗತಿಗಳು ಅಕ್ಕಪಕ್ಕದಲ್ಲೇ ಬರುತ್ತವೆ. ಒಂದು, ಇವರು ವೃತ್ತಿನಿರತ ಕುಸ್ತಿಪಟುಗಳು. ಎರಡು, ಎಣ್ಣೆ ಲೇಪ ತಿಕ್ಕಿ ನರನೋವು ವಾಸಿ ಮಾಡುತ್ತಾರೆ, ತಪ್ಪಿದ ಕೀಲು ಕೂರಿಸುವುದರಲ್ಲಿ ನಿಪುಣರು. ಮೂರನೆಯದು ಓದಿದಾಗ ಕತ್ತು ಮುಟ್ಟಿ ನೋಡಿಕೊಳ್ಳುವ ಹಾಗಾಗುತ್ತದೆ. ಮೈಸೂರಿನಲ್ಲಿ ಇವರನ್ನು ಕೆಲವೊಮ್ಮೆ ಮರಣದಂಡನೆ ಜಾರಿ ಮಾಡಲೂ ಬಳಸುತ್ತಿದ್ದರಂತೆ, ಕತ್ತು ತಿರುಚಿ ಕೊಲ್ಲುತ್ತಿದ್ದರಂತೆ. ಟಿಪ್ಪು ಕಾಲದ ಸೆರೆಯಾಳುಗಳ ಬಗ್ಗೆ ಇಂಗ್ಲಿಷರು ಬರೆದದ್ದರಲ್ಲೂ ಈ ಮಾತು ಬರುತ್ತದೆ. ಗೆದ್ದವರು ಸೋತವರ ಬಗ್ಗೆ ಬರೆದದ್ದನ್ನು ಸೋಸಿಯೇ ಓದಬೇಕು ಅನ್ನಿ. ಆದರೂ ಮುರಿಯುವ ಕೈ, ಕೂಡಿಸುವ ಕೈ ಒಂದೇ ಆಗಿತ್ತು ಅನ್ನುವುದು ಮಾತ್ರ ಗರಡಿಯ ಹಿರಿಯರು ಹೇಳಿದ್ದಕ್ಕೆ ಸರಿಯಾಗಿ ಕೂರುತ್ತದೆ.

ಕೋಟೆಯೊಳಗೆ ಕರ್ನಲ್ ಬೇಲಿ ಹೆಸರಿನ ಸೆರೆಮನೆ ಇದೆಯಲ್ಲ, ಅದರ ಮುಂದೆ ನಿಂತಾಗ ತಮ್ಮ ಇನ್ನೊಂದು ಕತೆ ಹೇಳಿದ. ಇದನ್ನು ಅವನಿಗೆ ಕಾಲೇಜಿನಲ್ಲಿ ಪ್ಲಾಸ್ಟಿಕ್ ಸರ್ಜರಿ ಪಾಠ ಮಾಡುವಾಗ ಹೇಳಿದ್ದರಂತೆ. 1792ರ ಯುದ್ಧದಲ್ಲಿ ಇಂಗ್ಲಿಷರ ಪಡೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬುವನು ಟಿಪ್ಪುವಿನ ಸೈನಿಕರಿಗೆ ಸಿಕ್ಕಿಬಿದ್ದ. ಮೂಗು, ಒಂದು ಕೈ ಕತ್ತರಿಸಿ ಬಿಟ್ಟರು. ಸುಮಾರು ಒಂದು ವರ್ಷದ ನಂತರ ಪುಣೆಯ ಹತ್ತಿರ ಒಬ್ಬ ನಾಟಿ ವೈದ್ಯ ಅವನ ಹಣೆಯ ಚರ್ಮ ಇಳಿಸಿ ಹೊಸ ಮೂಗು ಮಾಡಿಕೊಟ್ಟ. ವೃತ್ತಿಯಲ್ಲಿ ಅವನು ಇಟ್ಟಿಗೆ ಮಾಡುವವನು ಅಂತ ವರದಿಯಾಗಿದೆ. ಇಬ್ಬರು ಇಂಗ್ಲಿಷ್ ವೈದ್ಯರು ನೋಡಿದರು, 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರ ಸಮೇತ ಬಂತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ ವರ್ಷಗಟ್ಟಲೆ ಅಭ್ಯಾಸ ಮಾಡಿ 1814ರಲ್ಲಿ ಲಂಡನ್ನಿನಲ್ಲಿ ಅದೇ ಶಸ್ತ್ರಚಿಕಿತ್ಸೆ ಮಾಡಿದ.

"ಇಟ್ಟಿಗೆ ಮಾಡೋನು, ಕುಸ್ತಿ ಆಡೋನು, ಇವ್ರೇ ಅಣ್ಣ ಆವಾಗ ಸರ್ಜನ್ನು, ಆರ್ಥೋ" ಅಂದ. ನಂತರ ಸ್ವಲ್ಪ ಹೊತ್ತು ಬಿಟ್ಟು, "ಅವ್ರ ಕೈಲಿ ಸತ್ತೋರ ಲೆಕ್ಕ ಮಾತ್ರ ಯಾರೂ ಬರೆದಿಟ್ಟಿಲ್ಲ" ಅಂತಲೂ ಅಂದ.

ಪಾಂಡವಪುರಕ್ಕೆ ಅಲ್ಲಿಂದ ಬೈಕಿನಲ್ಲಿ ಹೆಚ್ಚು ಹೊತ್ತಿನ ದಾರಿಯಲ್ಲ. ಎರಡೂ ಕಡೆ ಕಬ್ಬು, ಭತ್ತ, ನಡುವೆ ವಿಶ್ವೇಶ್ವರಯ್ಯ ನಾಲೆಯ ನೀರು. ಹಳಬರು ಈಗಲೂ ಹಿರೋಡೆ ಅನ್ನುತ್ತಾರೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ಬಾಯಲ್ಲಿ ಇದು ಫ್ರೆಂಚ್ ರಾಕ್ಸ್ ಆಗಿತ್ತು. ಊರಿನ ಮೇಲೆ ಕುಂತಿಬೆಟ್ಟ. ಪಾಂಡವರು ವನವಾಸದಲ್ಲಿ ಇಲ್ಲಿದ್ದರು, ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಅಂತ ನಮ್ಮ ಕಡೆ ಕತೆ. ತಾತನ ಪ್ರಕಾರ ಭೀಮ ಬಕಾಸುರನ ಸೊಂಟ ಮುರಿದದ್ದು ಯಾವ ಪಟ್ಟಿನಿಂದ ಅಂತಲೂ ಗೊತ್ತು. ಚಿಕ್ಕವರಿದ್ದಾಗ ನಮ್ಮಿಬ್ಬರ ಮೇಲೆ ಹಾಕಿ ತೋರಿಸಿದ್ದಾನೆ.

ತಮ್ಮ ಡಾಕ್ಟರಾಗಿದ್ದು ಮೊಣಕಾಲಿನಿಂದ. ಪಿಯುಸಿ ಮೊದಲ ವರ್ಷದಲ್ಲಿ ಒಂದು ಮ್ಯಾಚಿನಲ್ಲಿ ರೈಡ್ ಹೋಗಿ ವಾಪಸ್ ತಿರುಗುವಾಗ ಪಾದ ನೆಲದಲ್ಲೇ ನಿಂತು ಮೈ ತಿರುಗಿತು. ಟಪ್ ಅಂತ ಸದ್ದು ಅವನಿಗೇ ಕೇಳಿಸಿತಂತೆ. ತಾತ ಎಣ್ಣೆ ಹಾಕಿ ತಿಕ್ಕಿದ, ಕಟ್ಟಿದ, ಸೊಪ್ಪು ಅರೆದು ಹಚ್ಚಿದ. ಊತ ಇಳಿಯಿತು, ನಡೆದಾಡಿದ, ಓಡಿ ತಿರುಗಿದರೆ ಮಾತ್ರ ಮಂಡಿ ಜಾರುತ್ತಿತ್ತು. ನಾಲ್ಕು ತಿಂಗಳಾದ ಮೇಲೆ ತಾತನೇ ಹೇಳಿದ: "ಇದು ಮೂಳೆ ಅಲ್ಲ. ಒಳಗೆ ಯಾವ್ದೋ ಹಗ್ಗ ಹೋಗೈತೆ. ನನ್ ಕೈಗೆ ಸಿಕ್ತಾ ಇಲ್ಲ, ದೊಡ್ಡಾಸ್ಪತ್ರೆಗೆ ಕರ್ಕೊಂಡೋಗಿ."

ಹಗ್ಗ ಅಂದದ್ದು ಸರಿಯಾಗೇ ಇತ್ತು. ಎಸಿಎಲ್ ಅಂತಾರಲ್ಲ, ತೊಡೆ ಮೂಳೆ, ಕಾಲು ಮೂಳೆ ಎರಡನ್ನೂ ಮಂಡಿಯೊಳಗೆ ಹಿಡಿದಿಡುವ ಬೆರಳು ಗಾತ್ರದ ಹುರಿ, ಅದು ಹರಿದಿತ್ತು. ಕಬಡ್ಡಿ, ಫುಟ್‌ಬಾಲ್ ಆಡುವವರಿಗೆ ಮಾಮೂಲು ಪೆಟ್ಟು. ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು ಹೊಸ ಹುರಿ ಕೂರಿಸಿದರು. ಒಂಬತ್ತು ತಿಂಗಳು ವ್ಯಾಯಾಮ. ಆ ಒಂಬತ್ತು ತಿಂಗಳು ಮನೆಯಲ್ಲಿ ಮಾಡಲು ಬೇರೆ ಕೆಲಸ ಇಲ್ಲದೆ ಬಯಾಲಜಿ ಓದಿದ ಅಂತ ನಾವು ರೇಗಿಸುತ್ತೇವೆ.

ನಾವು ಹೋದಾಗ ತಾತ ಜಗಲಿಯ ಮೇಲೆ ಕೂತಿದ್ದ. ಪಕ್ಕದೂರಿನ ಹೆಂಗಸೊಬ್ಬರು ಕಾಲು ಉಳುಕಿಸಿಕೊಂಡು ಬಂದಿದ್ದರು. ಹೆಬ್ಬೆರಳಿನಿಂದ ಹಿಮ್ಮಡಿಯ ಸುತ್ತ ಒತ್ತುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದ. ಆಕೆ ಅಮ್ಮಾ ಅಂದರು. "ಇಲ್ಲೇ" ಅಂದ. ಎಂಟು ಹತ್ತು ನಿಮಿಷ ತಿಕ್ಕಿ ಬಟ್ಟೆ ಕಟ್ಟಿ ಕಳಿಸಿದ. ತಟ್ಟೆಯಲ್ಲಿ ಎಲೆ ಅಡಿಕೆ, ಇಪ್ಪತ್ತು ರೂಪಾಯಿ ನೋಟು. ಇಷ್ಟೇ ಬಿಲ್ಲು. ಟೋಕನ್ ಇಲ್ಲ, ಕ್ಯೂ ಇಲ್ಲ, "ಯಾವ ಊರವ್ವ, ಯಾರ ಮಗಳು" ಅಂತ ಕೇಳುವ ಡಾಕ್ಟರು. ಜನ ಇಲ್ಲಿಗೆ ಯಾಕೆ ಬರುತ್ತಾರೆ ಅಂತ ಪಟ್ಟಣದವರು ಮೂಗು ಮುರಿಯುವ ಮೊದಲು ಇದನ್ನೂ ನೋಡಬೇಕು.

ಊಟಕ್ಕೆ ಮುದ್ದೆ, ಅವರೆಕಾಳು ಸಾರು. ಊಟವಾದ ಮೇಲೆ ತಮ್ಮ ಮಾತು ತೆಗೆದ. ಮೊದಲು ಹೊಗಳಿಕೆಯಿಂದ.

"ತಾತ, ನೀನು ಭುಜ ಕೂರ್ಸೋಕೆ ಕಂಕುಳಿಗೆ ಹಿಮ್ಮಡಿ ಕೊಟ್ಟು ಕೈ ಎಳೀತಿಯಲ್ಲ, ಅದು ನಮ್ ಪುಸ್ತಕದಲ್ಲೂ ಐತೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸ್ ದೇಶದಲ್ಲಿ ಹಿಪೊಕ್ರೆಟಿಸ್ ಅಂತ ಇದ್ದ. ಅವ್ನ ಹೆಸ್ರಲ್ಲೇ ಕರೀತಾರೆ."

"ಅವ್ನೂ ಗರಡಿಯೋನೇನ್ಲಾ?"

ನಾವೆಲ್ಲ ನಕ್ಕೆವು. ತಮ್ಮ ನಗಲಿಲ್ಲ. ಕ್ಯಾಶುವಾಲ್ಟಿಯಲ್ಲಿ ತಾನು ನೋಡಿದ ಹುಡುಗನ ವಿಷಯ ಹೇಳಿದ. ಹತ್ತು ವರ್ಷದವನು, ಮರದಿಂದ ಬಿದ್ದು ಮೊಣಕೈ ಹತ್ತಿರ ಮುರಿದಿತ್ತು. ಎಲ್ಲೋ ದೂರದ ಊರಲ್ಲಿ ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿಸಿಕೊಂಡಿದ್ದರು. ಹುಡುಗ ರಾತ್ರಿಯೆಲ್ಲ ಅತ್ತನಂತೆ. ಮುರಿದ ಕೈ ನೋಯದೆ ಇರುತ್ತಾ ಅಂತ ಮನೆಯವರು ಸಮಾಧಾನ ಮಾಡಿದರು. ಎರಡು ದಿನ ಬಿಟ್ಟು ಕರೆತಂದಾಗ ಬೆರಳು ಕಪ್ಪಾಗಿದ್ದವು. ಕಟ್ಟು ಬಿಚ್ಚಿದರೂ ರಕ್ತ ಬರಲಿಲ್ಲ.

ಇದರ ಹಿಂದಿನ ಲೆಕ್ಕ ನಿಮಗೂ ಗೊತ್ತಿದ್ದರೆ ಒಳ್ಳೆಯದು. ಮೂಳೆ ಮುರಿದ ಜಾಗ ಒಳಗೇ ಊದುತ್ತದೆ. ಹೊರಗೆ ಬಿಗಿ ಕಟ್ಟು ಇದ್ದರೆ ಊತಕ್ಕೆ ಜಾಗವಿಲ್ಲ, ಒತ್ತಡ ಏರಿ ರಕ್ತನಾಳ ಮುಚ್ಚಿಕೊಳ್ಳುತ್ತದೆ. ಆರೇಳು ಗಂಟೆ ಹಾಗೇ ಬಿಟ್ಟರೆ ಸ್ನಾಯು ಸಾಯಲು ಶುರು. ಉಳಿದರೂ ಕೈ ಕೊಕ್ಕೆಯ ಹಾಗೆ ಮುದುಡಿಬಿಡಬಹುದು. 1881ರಲ್ಲೇ ಜರ್ಮನಿಯ ಸರ್ಜನ್ ಫೋಲ್ಕ್‌ಮನ್ ಇದನ್ನು ಬರೆದು ಎಚ್ಚರಿಸಿದ್ದ. ಆಸ್ಪತ್ರೆಯ ಪ್ಲಾಸ್ಟರ್ ಬಿಗಿಯಾದರೂ ಇದೇ ಕತೆ. ಹಾಗಾಗಿ ಯಾರು ಕಟ್ಟಿದರು ಅನ್ನುವುದಕ್ಕಿಂತ, ಕಟ್ಟಿದ ಮೇಲೆ ಯಾರು ನೋಡುತ್ತಿದ್ದಾರೆ ಅನ್ನುವುದು ಮುಖ್ಯ.

ತಾತ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದವನು ನಿಲ್ಲಿಸಿದ.

"ನಾನ್ ಕಟ್ದೋರು ಯಾರ್ದಾದ್ರೂ ಕೈ ಹೋಗೈತೇನ್ಲಾ?"

"ಇಲ್ಲ ತಾತ. ಆದ್ರೆ ವಾಸಿ ಆಗ್ದೇ ಇದ್ದೋರು ನಿನ್ನತ್ರ ವಾಪಸ್ ಬರಲ್ಲ. ನಮ್ಮತ್ರ ಬತ್ತಾರೆ."

ಜಗಲಿಯ ಮೇಲೆ ಯಾರೂ ಮಾತಾಡಲಿಲ್ಲ. ಚಿಕ್ಕಮ್ಮ ಒಳಗಿನಿಂದ ಸೊಸೆಯ ಗತ್ತಿನಲ್ಲಿ, "ದೊಡ್ಡೋರ್ ಹತ್ರ ಹಂಗೆಲ್ಲಾ ಮಾತಾಡ್ತಾರೇನೋ" ಅಂದರು. ತಾತ ಕೈ ಎತ್ತಿ ಸುಮ್ಮನಿರಿಸಿದ. ಆಮೇಲೆ ಸಂತೆಯಲ್ಲಿ ದನದ ವ್ಯಾಪಾರ ಮಾಡುವ ಹಾಗೆ ಚೌಕಾಸಿ ಶುರುವಾಯಿತು.

"ಉಳುಕು?"

"ತಿಕ್ಕು. ಯಾರೂ ಬ್ಯಾಡ ಅನ್ನಲ್ಲ."

"ಕೀಲು?"

"ಬೆರಳಿನ್ದು, ಭುಜದ್ದು ಯಾವ್ದೇ ಆಗ್ಲಿ, ಮೊದ್ಲು ಎಕ್ಸ್‌ರೇ. ಒಳಗೆ ಮೂಳೆ ಸೀಳಿದ್ರೆ ನೀನು ಎಳ್ದಾಗ ಅದು ನರಾನ ಕುಯ್ಯುತ್ತೆ."

"ಮೂಳೆ?"

"ಬ್ಯಾಡ ತಾತ."

"ರಾತ್ರಿ ಹನ್ನೆರಡು ಗಂಟೇಲಿ ಬಂದ್ರೆ?"

"ಎರಡು ಕಡೆ ದಬ್ಬೆ ಇಟ್ಟು, ಸಡ್ಲ ಕಟ್ಟಿ, ನಂಗೆ ಫೋನ್ ಮಾಡು. ಕಳ್ಸೋಕೆ ಮುಂಚೆ ಬೆರಳಿನ ಉಗುರು ಒತ್ತಿ ಬಿಡು. ಬೆಳ್ಳಗಾಗಿದ್ದು ಎರಡು ಎಣಿಸೋದ್ರೊಳಗೆ ಕೆಂಪಾಗ್ಬೇಕು. ಬೆರಳು ಆಡಿಸ್ತಾರಾ, ಬೆಚ್ಚಗವಾ ನೋಡು."

ತಾತ ತನ್ನದೇ ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟು ನೋಡಿಕೊಂಡ. ಹೂಂ ಅಂದನೋ, ಗಂಟಲು ಸರಿ ಮಾಡಿಕೊಂಡನೋ ತಿಳಿಯಲಿಲ್ಲ. ನಾವು ಹೊರಟಾಗ ಬೈಕಿನವರೆಗೂ ಬರಲಿಲ್ಲ. ಯಾವಾಗಲೂ ಬರುತ್ತಿದ್ದವನು.

ಚಿನಕುರಳಿ ದಾಟಿ ಕೆ.ಆರ್. ಪೇಟೆ ದಾರಿ ಹಿಡಿದರೂ ತಮ್ಮ ಮಾತಾಡಲಿಲ್ಲ. ಆಲೆಮನೆಯೊಂದರ ಮುಂದೆ ನಿಲ್ಲಿಸಿ ಬಿಸಿ ಬೆಲ್ಲ ತಿಂದೆವು. ಅಲ್ಲಿ ಅವನು ಬಾಯಿಬಿಟ್ಟ. ಮಾತು ಎಲ್ಲಿಗೋ ಹೋಯಿತು. ಅಮೆರಿಕಕ್ಕೆ.

ಮಂಡಿ ಆಪರೇಷನ್ ಆದಾಗ ಮಲಗಿಕೊಂಡು ಮೊಬೈಲಿನಲ್ಲಿ, ಆಟಗಾರರು ಡಾಕ್ಟರಾದದ್ದು ಎಲ್ಲಾದರೂ ಉಂಟಾ ಅಂತ ಹುಡುಕಿದ್ದನಂತೆ. ಆಗ ಸಿಕ್ಕ ಹೆಸರು ಡ್ಯಾನ್ ಡೋರ್ನಿಂಕ್. ಅಮೆರಿಕನ್ ಫುಟ್‌ಬಾಲಿನ ರನ್ನಿಂಗ್ ಬ್ಯಾಕ್. ಆ ಆಟದಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಿನ ದಾಂಡಿಗರ ಗೋಡೆಗೆ ನುಗ್ಗುವವನೇ ರನ್ನಿಂಗ್ ಬ್ಯಾಕ್. "ನಮ್ ರೈಡರ್ ಥರಾನೇ ಅಣ್ಣ. ನಾವು ಏಳು ಜನರೊಳಗೆ ಹೋಗಿ ಮುಟ್ಟಿ ವಾಪಸ್ ಬರ್ಬೇಕು, ಅವ್ರು ಹನ್ನೊಂದು ಜನರ ನಡುವೆ ತೂರ್ಕೊಂಡು ಆ ಕಡೆ ಹೋಗ್ಬೇಕು. ಇಬ್ಬರ ಮೇಲೂ ಎಲ್ಲರೂ ಬೀಳ್ತಾರೆ." ಹೀಗೆ ಎಲ್ಲರೂ ಮೇಲೆ ಬೀಳುವುದರಿಂದಲೇ ಆ ಸ್ಥಾನದಲ್ಲಿ ಆಡುವವರ ವೃತ್ತಿಜೀವನ ಬಹಳ ಚಿಕ್ಕದು. ಡೋರ್ನಿಂಕ್ 1978ರಿಂದ 1985ರವರೆಗೆ ಎಂಟು 'ಸೀಸನ್' ತಡೆದುಕೊಂಡ. ಮೊದಲ ವರ್ಷ ನ್ಯೂಯಾರ್ಕ್ ಜೈಂಟ್ಸ್, ಉಳಿದದ್ದೆಲ್ಲ ಸಿಯಾಟಲ್ ಸೀಹಾಕ್ಸ್. ದೊಡ್ಡ ಸ್ಟಾರ್ ಅಲ್ಲ. ಏಳನೇ ಸುತ್ತಿನಲ್ಲಿ ಆಯ್ಕೆಯಾದವನು. ಆದರೆ 1984ರ ಡಿಸೆಂಬರಿನ ನಾಕೌಟ್ ಪಂದ್ಯದಲ್ಲಿ ಹಿಂದಿನ ವರ್ಷದ ಚಾಂಪಿಯನ್ ರೈಡರ್ಸ್ ತಂಡದ ವಿರುದ್ಧ 29 ಸಲ ಚೆಂಡು ಹಿಡಿದು ನುಗ್ಗಿ 126 ಗಜ ಓಡಿದ. ಸಿಯಾಟಲ್ 13-7ರಿಂದ ಗೆದ್ದಿತು. ಆಟ ಮುಗಿಸಿ ಡಾಕ್ಟರಾಗಿ, ವಾಷಿಂಗ್ಟನ್ ರಾಜ್ಯದ ಯಾಕಿಮಾ ಎಂಬ ಊರಿನಲ್ಲಿ ಇಂಟರ್ನಲ್ ಮೆಡಿಸಿನ್ ವೈದ್ಯನಾಗಿ ನೆಲೆಸಿದ. ಯಾಕಿಮಾ ಅಂದರೆ ಕಾಲುವೆ ನೀರು ನಂಬಿಕೊಂಡ ಕಣಿವೆ. ನಮಗೆ ಕಬ್ಬು, ಅವರಿಗೆ ಸೇಬು.

ತಮ್ಮನಿಗೆ ಹಿಡಿಸಿದ್ದು ಆ 126 ಗಜ ಅಲ್ಲ. ಆಮೇಲಿನದು. ಬಿಪಿ, ಶುಗರ್ ನೋಡಿಕೊಂಡು ರೈತರ ನಡುವೆ ಕೂತದ್ದು.

ನಮ್ಮ ದೇಶದಲ್ಲೂ ಇಲ್ಲವೆಂದಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಫುಟ್‌ಬಾಲ್ ತಂಡದ ನಾಯಕ ತಾಲಿಮೆರೆನ್ ಆವೊ ಕಲ್ಕತ್ತೆಯಲ್ಲಿ ವೈದ್ಯಕೀಯ ಓದುತ್ತಲೇ ಮೋಹನ್ ಬಗಾನ್‌ಗೆ ಆಡಿದವರು, ಆಮೇಲೆ ತಮ್ಮ ನಾಗಾ ನಾಡಿಗೆ ಮರಳಿ ಡಾಕ್ಟರಾಗಿಯೇ ದುಡಿದರು. 1972ರ ಮ್ಯೂನಿಕ್ ಒಲಿಂಪಿಕ್ಸಿನ ಹಾಕಿ ಕಂಚಿನ ತಂಡದಲ್ಲಿದ್ದ ವೆಸ್ ಪೇಸ್, ಟೆನಿಸ್‌ನ ಲಿಯಾಂಡರ್ ಅವರ ತಂದೆ, ಕ್ರೀಡಾ ವೈದ್ಯರಾದರು. ಇವರೆಲ್ಲರ ಹೆಸರು ಅವನ ಮೊಬೈಲಿನ ನೋಟ್ಸಿನಲ್ಲಿದೆ. ಆದರೆ ಈಗ ನಮ್ಮ ಹಳ್ಳಿಯ ಹುಡುಗನೊಬ್ಬ ಹತ್ತನೇ ಕ್ಲಾಸು ಮುಗಿಸಿದ ಕೂಡಲೇ ಮನೆಯಲ್ಲಿ ಕೇಳುವ ಪ್ರಶ್ನೆ ಒಂದೇ. ಆಟವೋ, ನೀಟೋ? ನೀಟ್ ಕೋಚಿಂಗಿಗೆ ಸೇರಿದವನ ಬೂಟು ಅಟ್ಟಕ್ಕೆ ಹೋಗುತ್ತದೆ. ಗರಡಿಯ ಕಾಲದಲ್ಲಿ ಒಂದೇ ಮೈಯಲ್ಲಿದ್ದ ಎರಡು ವಿದ್ಯೆ ಈಗ ಎರಡು ಬೇರೆ ಬೇರೆ ಬಾಗಿಲು. ನನಗೆ ಇದು ನಷ್ಟ ಅನ್ನಿಸುತ್ತದೆ. ತಮ್ಮನಿಗೆ ಅಷ್ಟೇನೂ ಅನ್ನಿಸುವುದಿಲ್ಲ. "ತಾತನ ಕಾಲದಲ್ಲಿ ಒಂದೇ ಬಾಗಿಲು ಇತ್ತು, ಸರಿ. ಒಳಗೆ ಲೈಟ್ ಇರ್ಲಿಲ್ಲ" ಅಂದ.

ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿನಲ್ಲಿ ಲಕ್ಷ್ಮೀನಾರಾಯಣ ಗುಡಿಗೆ ಅರ್ಧ ಗಂಟೆ ಕೊಟ್ಟೆವು. ಇನ್ನೂ ಹೆಚ್ಚು ಕೊಡಬೇಕಾದ ಜಾಗ. ಹೊಯ್ಸಳರದು, ಹದಿಮೂರನೇ ಶತಮಾನದ್ದು, ಮೂರು ಗರ್ಭಗುಡಿ. ಹೊರಗೋಡೆಯ ಪಟ್ಟಿಕೆಗಳಲ್ಲಿ ರಾಮಾಯಣ, ಮಹಾಭಾರತ, ಕೃಷ್ಣನ ಕತೆ ಸಾಲಾಗಿ ನಡೆಯುತ್ತವೆ. ಬೇಲೂರು ಹಳೇಬೀಡಿನ ನೂಕುನುಗ್ಗಲು ಇಲ್ಲಿಲ್ಲ. ಡಾಕ್ಟರು ಮಾತ್ರ ಶಿಲ್ಪಗಳ ಮೊಣಕಾಲನ್ನೇ ನೋಡುತ್ತಾ ಬಂದ.

ರಾತ್ರಿ ಪಂದ್ಯಾವಳಿ. ಊರ ಬಾಗಿಲಲ್ಲೇ ಫ್ಲೆಕ್ಸು, ಅದರ ತುಂಬ ಇಡೀ ಪಂಚಾಯ್ತಿಯ ಮುಖಗಳು. ಶಾಲೆ ಬಯಲಿನಲ್ಲಿ ಬಾಡಿಗೆ ಮ್ಯಾಟು, ನಾಲ್ಕು ಕಂಬಕ್ಕೆ ಲೈಟು, ಮೈಕಿನಲ್ಲಿ ಉಸಿರು ಬಿಡದೆ ಕಾಮೆಂಟರಿ ಹೇಳುವ ಮೇಷ್ಟ್ರು, ಬದಿಯಲ್ಲಿ ಚುರುಮುರಿ ಗಾಡಿ. ಹಳೇ ಟೀಮಿನವರು ಜೆರ್ಸಿ ತಂದಿಟ್ಟಿದ್ದರು, ಬೆನ್ನ ಮೇಲೆ ಅವನ ನಂಬರು. ಅವನು ಅದನ್ನು ತೊಟ್ಟುಕೊಂಡ. ಆದರೆ ಮ್ಯಾಟಿಗೆ ಇಳಿಯಲಿಲ್ಲ. ಐಸು, ಕ್ರೇಪ್ ಬ್ಯಾಂಡೇಜು, ತ್ರಿಕೋನದ ಬಟ್ಟೆ ಇದ್ದ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಗೆರೆಯ ಹೊರಗೆ ಕೂತ. ಟೀಮಿನ ಕ್ಯಾಪ್ಟನ್ ಎರಡು ಮಾತು ಬೈದ. "ಒಂದು ರೈಡು ಮಗಾ, ಮೂವತ್ತು ಸೆಕೆಂಡು." ಅವನು ತಲೆ ಅಲ್ಲಾಡಿಸಿದ. ಪ್ರತಿ ರೈಡಿಗೂ ಅವನ ಪಾದ ಮಾತ್ರ ನೆಲದ ಮೇಲೆ ತಾನಾಗಿ ಕದಲುತ್ತಿತ್ತು.

ಸೆಮಿಫೈನಲ್‌ನಲ್ಲಿ ಅದು ಆಯಿತು. ಎದುರು ತಂಡದ ಹುಡುಗ, ಇಪ್ಪತ್ತು ಇಪ್ಪತ್ತೊಂದರವನು, ಕಾರ್ನರಿನಿಂದ ಹಾರಿ ಹಿಡಿಯಲು ಹೋಗಿ ಕೈ ಚಾಚಿದ ಹಾಗೇ ಬಿದ್ದ. ಎದ್ದಾಗ ಬಲ ಭುಜ ಚೌಕಾಕಾರ. ಮೂಳೆಯ ಗುಂಡು ಮುಂದೆ ಉಬ್ಬಿತ್ತು.

ಜನ ಸುತ್ತುವರಿದರು. ಇವನು ಯಾರ ಮೊಮ್ಮಗ ಅಂತ ಅಲ್ಲಿ ಗೊತ್ತಿತ್ತು. "ಪೈಲ್ವಾನಪ್ಪನ ಮೊಮ್ಮಗ ಅವ್ನೆ, ಕೂರಿಸ್ತಾನೆ ಬುಡ್ರಲಾ." ತಮ್ಮ ಹುಡುಗನ ಮಣಿಕಟ್ಟಿನಲ್ಲಿ ನಾಡಿ ನೋಡಿದ. ಭುಜದ ಹೊರಗಡೆ ಚರ್ಮ ಮುಟ್ಟಿ, ಗೊತ್ತಾಗುತ್ತಾ ಅಂತ ಕೇಳಿದ. ಬೆರಳು ಅಗಲಿಸಿ ಮಡಿಸು ಅಂದ. ಆಮೇಲೆ ತ್ರಿಕೋನದ ಬಟ್ಟೆಯಲ್ಲಿ ಕೈಯನ್ನು ಹೇಗಿತ್ತೋ ಹಾಗೆ ಎದೆಗೆ ಕಟ್ಟಿ, ಕಾರು ತರಿಸಿ ಅಂದ.

ಗುಂಪಿಗೆ ನಿರಾಸೆಯಾಯಿತು. ಒಬ್ಬರು ಮುಖದ ಮೇಲೇ ಹೇಳಿದರು: "ನಿಮ್ ತಾತ ಆಗಿದ್ರೆ ಎರಡು ನಿಮಿಷ. ಏನ್ ಓದುದ್ಯೋ ಅಷ್ಟು ವರ್ಷ?"

"ಹೌದು, ತಾತ ಆಗಿದ್ರೆ ಎರಡೇ ನಿಮಿಷ" ಅಂದ, ಸಿಟ್ಟಿಲ್ಲದೆ.

ಕೆ.ಆರ್. ಪೇಟೆಯಲ್ಲಿ ಎಕ್ಸ್‌ರೇ ತೆಗೆದರು. ಎಲ್ಲೂ ಮುರಿದಿರಲಿಲ್ಲ. ನೋವಿನ ಇಂಜೆಕ್ಷನ್ ಕೊಟ್ಟು ಡ್ಯೂಟಿ ಡಾಕ್ಟರು ನಿಧಾನಕ್ಕೆ ಎಳೆದು ತಿರುಗಿಸಿದರು, ಟಕ್ ಅಂತ ಕೂತಿತು. ಜೊತೆಗೆ ಬಂದಿದ್ದ ಹುಡುಗರು ಗೆದ್ದವರ ಹಾಗೆ ನಮ್ಮನ್ನು ನೋಡಿದರು. ಮುರಿದೇ ಇರಲಿಲ್ಲವಲ್ಲ, ಅಲ್ಲೇ ಎಳೆಯಬಹುದಿತ್ತಲ್ಲ ಅಂತ. ತಮ್ಮ ಅಂದ: "ಮುರಿದಿಲ್ಲ ಅಂತ ಗೊತ್ತಾಗಿದ್ದು ಈಗ ಕಣ್ರೋ." ಮೂರು ವಾರ ಕೈ ಜೋಲಿಯಲ್ಲೇ ಇರಲಿ, ಈ ವಯಸ್ಸಿನಲ್ಲಿ ಒಮ್ಮೆ ತಪ್ಪಿದ ಭುಜ ಮತ್ತೆ ತಪ್ಪುವುದು ಜಾಸ್ತಿ, ವ್ಯಾಯಾಮ ಮಾಡದೆ ಮ್ಯಾಟಿಗೆ ಇಳಿಯಬೇಡ ಅಂತ ಆ ಹುಡುಗನಿಗೆ ಬರೆದುಕೊಟ್ಟು, ಕೇಳುತ್ತಾನೆ ಅನ್ನುವ ನಂಬಿಕೆ ಇಲ್ಲದವನ ಹಾಗೆ ಅವನ ಅಮ್ಮನ ಫೋನ್ ನಂಬರನ್ನೂ ತೆಗೆದುಕೊಂಡ.

ಟೀಮು ಫೈನಲ್‌ನಲ್ಲಿ ಸೋತಿತು. ಕ್ಯಾಪ್ಟನ್ ಮನೆಯಲ್ಲಿ ಮಲಗಿ ಬೆಳಗ್ಗೆ ನಾಗಮಂಗಲಕ್ಕೆ ಹೊರಟೆವು.

ನಾಗಮಂಗಲ ಬರುವಷ್ಟರಲ್ಲಿ ನಾಲೆಯ ಹಸಿರು ಮುಗಿದು ರಾಗಿ, ಹುರುಳಿ, ತೆಂಗಿನ ಸೀಮೆ. ಸೌಮ್ಯಕೇಶವನ ಗುಡಿ ನೋಡಿ, ಹಿತ್ತಾಳೆ ಪಾತ್ರೆಗೆ ಹೆಸರಾದ ಊರಲ್ಲವಾ ಅಂತ ಅಮ್ಮನಿಗೆ ಒಂದು ದೀಪದ ಕಂಬ ಕೊಂಡೆ. ಅಲ್ಲಿಂದ ಬೆಳ್ಳೂರು ಕ್ರಾಸ್ ಕಡೆ, ಬಿ.ಜಿ. ನಗರ. 1986ರಲ್ಲಿ ಆದಿಚುಂಚನಗಿರಿ ಮಠದ ಬಾಲಗಂಗಾಧರನಾಥ ಸ್ವಾಮೀಜಿ ಇಲ್ಲಿ ಮೆಡಿಕಲ್ ಕಾಲೇಜು ಶುರು ಮಾಡಿದರು. ಹಳ್ಳಿಗಾಡಿನ ನಡುವೆ ಅಂಥದ್ದೊಂದು ಎದ್ದು ನಿಂತಿದೆ. ಗೇಟಿನ ಹೊರಗೆ ಮರದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕೂತವರ ಮಾತು ಕೇಳಿದರೆ ನಾಗಮಂಗಲ, ಕೆ.ಆರ್. ಪೇಟೆ, ತುರುವೇಕೆರೆ, ಕುಣಿಗಲ್ ಎಲ್ಲವೂ ಅಲ್ಲೇ. ದೂರದಲ್ಲಿ ಚುಂಚನಗಿರಿ ಬೆಟ್ಟದ ಕಡೆಯಿಂದ ನವಿಲಿನ ಕೂಗು.

ಮಧ್ಯಾಹ್ನ ಎರಡಕ್ಕೆ ಅವನ ಡ್ಯೂಟಿ. ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕೂತು ಜೆರ್ಸಿ ಮಡಚಿ ಬ್ಯಾಗಿಗೆ ಹಾಕುತ್ತಿದ್ದಾಗ ಫೋನು ಬಂತು. ಚಿಕ್ಕಪ್ಪನ ನಂಬರು, ದನಿ ತಾತನದು. ರಾತ್ರಿಯ ಸುದ್ದಿ ಬೆಳಗಾಗುವುದರೊಳಗೆ ಊರು ಮುಟ್ಟಿತ್ತು. ತಮ್ಮ ಸ್ಪೀಕರ್ ಹಾಕಿದ.

"ಭುಜ ತಪ್ಪಿತ್ತಂತೆ?"

"ಹೂಂ ತಾತ."

"ಎಳೀಲಿಲ್ವಂತೆ ನೀನು."

"ಇಲ್ಲ ತಾತ."

ಆ ಕಡೆ ಎಲೆ ಅಡಿಕೆ ಅಗಿಯುವ ಸದ್ದು. ತಮ್ಮ ನನ್ನ ಮುಖ ನೋಡಿದ.

"ಕಟ್ಟಿ ಕಳ್ಸುವಾಗ ಉಗುರು ಒತ್ತಿ ನೋಡಿದ್ಯೇನ್ಲಾ?"